ತಾರೀಖು ನೋಡಿ ಮೀನು ಆರಿಸಿ: ನೈಋತ್ಯ ಫ್ಲೋರಿಡಾದಲ್ಲಿ ಟಾರ್ಪನ್, ಸ್ನೂಕ್, ರೆಡ್‌ಫಿಶ್

ಟಾರ್ಪನ್ ಹಿಡಿಯಬೇಕೆಂದು ಫ್ಲೋರಿಡಾಕ್ಕೆ ಹೊರಡುವವರು ಸಾಮಾನ್ಯವಾಗಿ ಮೊದಲು ಮೀನನ್ನು ಆರಿಸಿಕೊಳ್ಳುತ್ತಾರೆ, ಆಮೇಲೆ ರಜೆ ಸಿಗುವ ತಾರೀಖು ನೋಡುತ್ತಾರೆ. ಮಾಡಬೇಕಾದ್ದು ಇದರ ಉಲ್ಟಾ. ತಾರೀಖು ಗೊತ್ತಾದರೆ ನೀರಿನ ಬಿಸಿ ಎಷ್ಟಿರುತ್ತದೆ ಅಂತ ಅಂದಾಜಾಗುತ್ತದೆ. ಅದು ಗೊತ್ತಾದರೆ ಯಾವ ಮೀನಿನ ಹಿಂದೆ ಹೋಗಬೇಕು ಎನ್ನುವುದು ಅರ್ಧ ತೀರ್ಮಾನವಾದಂತೆ. ಜನವರಿಯಲ್ಲಿ ಬಂದು ದೊಡ್ಡ ಟಾರ್ಪನ್ನೇ ಬೇಕೆಂದು ಹಟ ಹಿಡಿದರೆ ದೋಣಿಗೆ ಕೊಟ್ಟ ದುಡ್ಡು ದಂಡ. ಅದೇ ವಾರ ಶೀಪ್ಸ್‌ಹೆಡ್ ಹಿಡಿಯಲು ಹೊರಟವರು ಮಧ್ಯಾಹ್ನದೊಳಗೆ ರಾತ್ರಿಯ ಸಾರಿಗೆ ಬೇಕಾದಷ್ಟು ಮೀನಿನೊಂದಿಗೆ ವಾಪಸ್ ಬಂದಿರುತ್ತಾರೆ.

ಇಲ್ಲಿ ಹೋಲಿಸುತ್ತಿರುವ ಜಾಗ ಮುಖ್ಯವಾಗಿ ಷಾರ್ಲಟ್ ಹಾರ್ಬರ್, ಪೈನ್ ಐಲ್ಯಾಂಡ್ ಸೌಂಡ್ ಮತ್ತು ಬೋಕಾ ಗ್ರಾಂಡೆ ಪಾಸ್. ಟ್ಯಾಂಪಾದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ, ಒರ್ಲಾಂಡೊದಿಂದ ಮೂರು. ಕೋಲು-ರೀಲಿನಲ್ಲಿ ಟಾರ್ಪನ್ ಹಿಡಿಯುವ ಆಟ ಶುರುವಾದದ್ದೇ ಈ ನೀರಿನಲ್ಲಿ. 1885ರಲ್ಲಿ ಡಬ್ಲ್ಯು. ಎಚ್. ವುಡ್ ಎಂಬ ನ್ಯೂಯಾರ್ಕಿನವರು ಸ್ಯಾನಿಬೆಲ್ ದ್ವೀಪದ ಬಳಿ ಹಿಡಿದ ಮೀನಿನ ಸುದ್ದಿ ಹಬ್ಬಿದ ಮೇಲೆ ಶ್ರೀಮಂತ ಬೇಟೆಗಾರರು ಇಲ್ಲಿಗೆ ಬರತೊಡಗಿದರು. ಪೀಸ್ ಮತ್ತು ಮಯಾಕ್ಕಾ ಹೊಳೆಗಳು ಕಡಲಿಗೆ ಸೇರುವ ಜಾಗ ಇದು. ಕುಂದಾಪುರ, ಹೊನ್ನಾವರ ಕಡೆಯ ಅಳಿವೆ ನೋಡಿ ಬೆಳೆದವರಿಗೆ ಕಾಂಡ್ಲಾ ಕಾಡು, ಕೆಸರು, ಸಿಂಪಿಯ ದಿಬ್ಬ ಯಾವುದೂ ಹೊಸದೆನಿಸದು. ವ್ಯತ್ಯಾಸ ಇರುವುದು ಭರತ-ಇಳಿತದಲ್ಲಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ ಗ್ಯಾರಂಟಿ. ಇಲ್ಲಿ ಕೆಲವು ದಿನ ಎರಡು, ಕೆಲವು ದಿನ ಒಂದೇ. ಏರಿಳಿತವೂ ಸಾಮಾನ್ಯವಾಗಿ ಎರಡು ಅಡಿ ಆಸುಪಾಸು. ನೀರು ಇಷ್ಟು ಕಡಿಮೆ ಅಲ್ಲಾಡುವುದರಿಂದ ಹುಣ್ಣಿಮೆ-ಅಮಾವಾಸ್ಯೆಯ ಲೆಕ್ಕ ಎಷ್ಟು ಮುಖ್ಯವೋ ಗಾಳಿಯ ದಿಕ್ಕೂ ಅಷ್ಟೇ ಮುಖ್ಯ. ಎರಡು ದಿನ ಬಲವಾಗಿ ಬೀಸಿದ ಉತ್ತರದ ಗಾಳಿ ಕೊಲ್ಲಿಯ ನೀರನ್ನೇ ಹೊರಗೆ ತಳ್ಳಿ, ಪಟ್ಟಿಯಲ್ಲಿ ಬರೆದಿರುವ ಭರತವನ್ನು ಸುಳ್ಳು ಮಾಡುತ್ತದೆ.

ಯಾವ ತಿಂಗಳು, ಯಾವ ಮೀನು

ನೀರು 75 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 24 ಸೆಲ್ಸಿಯಸ್ ದಾಟಿ ಅಲ್ಲೇ ನಿಂತ ಮೇಲೆ ಟಾರ್ಪನ್ ಗುಂಪುಗಳು ಈ ಕರಾವಳಿಗೆ ಬರುತ್ತವೆ. ಸಾಮಾನ್ಯವಾಗಿ ಏಪ್ರಿಲ್ ನಡುವಿನಿಂದ ಜುಲೈ, ಅದರಲ್ಲೂ ಮೇ ಮತ್ತು ಜೂನ್ ಉತ್ತಮ. ಸ್ನೂಕ್‌ಗೆ ಎರಡು ಒಳ್ಳೆಯ ಕಾಲ ಇವೆ: ಚಳಿ ಮುಗಿದು ಹೊಳೆಯಿಂದ ಹೊರಬರುವ ಮಾರ್ಚ್-ಏಪ್ರಿಲ್, ಮತ್ತೆ ಮರಳಿ ಒಳಗೆ ಹೋಗುವ ಮುನ್ನ ಹೊಟ್ಟೆ ತುಂಬಿಸಿಕೊಳ್ಳುವ ಸೆಪ್ಟೆಂಬರ್-ನವೆಂಬರ್. ರೆಡ್‌ಫಿಶ್ ವರ್ಷವಿಡೀ ಸಿಗುತ್ತದೆ, ಆದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ದೊಡ್ಡ ಗುಂಪು ಕಟ್ಟುತ್ತದೆ. ಚುಕ್ಕೆ ಟ್ರೌಟ್ ಮತ್ತು ಶೀಪ್ಸ್‌ಹೆಡ್ ಚಳಿಗಾಲದ ಮೀನುಗಳು.

ಒಂದೇ ವಾರ ಇದ್ದು, ಮೀನು ಯಾವುದಾದರೂ ಸರಿ, ಗಾಳಕ್ಕೆ ಬೀಳುತ್ತಿರಬೇಕು ಎನ್ನುವವರಿಗೆ ನಮ್ಮ ಸಲಹೆ ಅಕ್ಟೋಬರ್. ಸ್ನೂಕ್, ರೆಡ್‌ಫಿಶ್, ಟ್ರೌಟ್, ಸ್ಪ್ಯಾನಿಶ್ ಮ್ಯಾಕೆರೆಲ್ ನಾಲ್ಕೂ ಒಟ್ಟಿಗೆ ಸಿಗುವ ತಿಂಗಳು ಅದು. ಮಧ್ಯಾಹ್ನದ ಸಿಡಿಲು ಮಳೆಯೂ ಕಡಿಮೆಯಾಗಿರುತ್ತದೆ. ಅಪಾಯ ಒಂದೇ, ಚಂಡಮಾರುತ. ಅದರ ಕಾಲ ಜೂನ್ 1ರಿಂದ ನವೆಂಬರ್ 30. ಇಯಾನ್ ಚಂಡಮಾರುತ 2022ರ ಸೆಪ್ಟೆಂಬರ್ 28ರಂದು ಇಲ್ಲಿಯ ಕಾಯೊ ಕೋಸ್ಟಾ ದ್ವೀಪದ ಬಳಿಯೇ ದಡ ಮುಟ್ಟಿತು. ಮರಳುದಿಣ್ಣೆಗಳು ಜಾಗ ಬದಲಿಸಿವೆ. ಅದಕ್ಕಿಂತ ಹಳೆಯ ನಕ್ಷೆ ನಂಬಿ ದೋಣಿ ಓಡಿಸಬೇಡಿ.

ಟಾರ್ಪನ್: ಪಾಸ್, ಬೀಚ್ ಅಥವಾ ಸೇತುವೆ

ಟಾರ್ಪನ್‌ನ ಚಿಕ್ಕ ಬಂಧು ಒಂದು ಕರ್ನಾಟಕದ ಅಳಿವೆಗಳಲ್ಲೂ ಇದೆ, ಆದರೆ ಅದು ಕೈಯಲ್ಲಿ ಎತ್ತಬಹುದಾದ ಮೀನು. ಇಲ್ಲಿಯದು 80ರಿಂದ 150 ಪೌಂಡ್ ತೂಗುವುದು ಮಾಮೂಲು. ಫ್ಲೋರಿಡಾದ ದಾಖಲೆ 1975ರಲ್ಲಿ ಕೀ ವೆಸ್ಟ್‌ನಲ್ಲಿ ಸಿಕ್ಕ 243 ಪೌಂಡಿನದು. ಇದನ್ನು ತಿನ್ನಲು ಹಿಡಿಯುವುದಿಲ್ಲ. 2013ರಿಂದ ಫ್ಲೋರಿಡಾದಲ್ಲಿ ಟಾರ್ಪನ್ ಹಿಡಿದು ಬಿಡುವ ಮೀನು ಮಾತ್ರ. ದಾಖಲೆಗೆ ಪ್ರಯತ್ನಿಸುವವರು 50 ಡಾಲರ್ ಕೊಟ್ಟು ವರ್ಷಕ್ಕೊಂದು ಟ್ಯಾಗ್ (ಒಂದು ಮೀನು ಇಟ್ಟುಕೊಳ್ಳುವ ಅನುಮತಿ) ಪಡೆಯಬಹುದು. ಮಿಕ್ಕವರಿಗೆ 40 ಇಂಚಿಗಿಂತ ಉದ್ದದ ಟಾರ್ಪನ್ನನ್ನು ನೀರಿನಿಂದ ಮೇಲೆತ್ತುವುದೇ ಕಾನೂನುಬಾಹಿರ. ಫೋಟೊಗಾಗಿ ದೋಣಿಯೊಳಗೆ ಎಳೆಯುವಂತಿಲ್ಲ.

ಪಾಸ್ ಎಂದರೆ ದ್ವೀಪಗಳ ನಡುವಿನ ಕಡಲ ಬಾಯಿ. ಬೋಕಾ ಗ್ರಾಂಡೆ ಪಾಸ್‌ನ ಹೊಂಡಗಳು 70 ಅಡಿ ದಾಟುತ್ತವೆ. ಮೇ-ಜೂನಿನಲ್ಲಿ ಟಾರ್ಪನ್ ಅಲ್ಲಿ ರಾಶಿ ಬೀಳುತ್ತದೆ. ದೋಣಿಯನ್ನು ಹರಿವಿನೊಂದಿಗೆ ತೇಲಬಿಟ್ಟು, ಜೀವಂತ ಏಡಿ ಅಥವಾ ಸಣ್ಣ ಮೀನನ್ನು ಆಳಕ್ಕೆ ಇಳಿಸುವುದು ಕ್ರಮ. ಕೆಲಸದ ಬಹುಪಾಲು ನಾಯಕನದು: ನೂಲು ನೆಟ್ಟಗೆ ಕೆಳಗಿಳಿಯುವಂತೆ ದೋಣಿ ಹಿಡಿದಿರಬೇಕು, ಹೊಂಡದ ಅಂಚು ಬಂದಾಗ ಎರಡು ಸುತ್ತು ಮೇಲೆತ್ತಿ ಎಂದು ಹೇಳಬೇಕು. ಹೊಸಬರಿಗೆ ಮೀನು ಸಿಗುವ ಸಾಧ್ಯತೆ ಹೆಚ್ಚಿರುವುದು ಇಲ್ಲೇ, ಏಕೆಂದರೆ ಎಸೆಯುವ ಕೌಶಲ ಬೇಕಿಲ್ಲ. ಆದರೆ ಹತ್ತಾರು ದೋಣಿಗಳ ಗುಂಪು, ಇಂಜಿನ್ ಸದ್ದು, ಕೆಳಗೆ ಕಾಯುತ್ತಿರುವ ಹ್ಯಾಮರ್‌ಹೆಡ್ ಮತ್ತು ಬುಲ್ ಶಾರ್ಕ್‌ಗಳು. ಇಲ್ಲಿಗೆ ಬೇರೆಯೇ ನಿಯಮಗಳಿವೆ: ಗಾಳದ ಕೆಳಭಾಗಕ್ಕೆ ತೂಕ ಕಟ್ಟಿದ ಜಿಗ್ (ಭಾರ ಕೂಡಿಸಿದ ಕೃತಕ ಎರೆ) ನಿಷಿದ್ಧ, ಏಪ್ರಿಲ್‌ನಿಂದ ಜೂನ್‌ವರೆಗೆ ಒಂದು ದೋಣಿಯಿಂದ ಮೂರಕ್ಕಿಂತ ಹೆಚ್ಚು ನೂಲು ಬಿಡುವಂತಿಲ್ಲ, ಮೀನು ಕಚ್ಚಿದಾಗ ಕಳಚಿ ಬೀಳುವ ತೂಕವನ್ನೂ ಆ ತಿಂಗಳುಗಳಲ್ಲಿ ಬಳಸುವಂತಿಲ್ಲ.

ಮೇ-ಜೂನಿನ ಹುಣ್ಣಿಮೆ, ಅಮಾವಾಸ್ಯೆಯ ಸುತ್ತಿನ ದಿನಗಳಲ್ಲಿ ಮಧ್ಯಾಹ್ನದ ನಂತರ ಬಲವಾದ ಇಳಿತ ಬರುತ್ತದೆ. ಇದಕ್ಕೆ ಇಲ್ಲಿಯವರು ಹಿಲ್ ಟೈಡ್ ಎನ್ನುತ್ತಾರೆ. ಕೊಲ್ಲಿಯೊಳಗಿನ ಸಣ್ಣ ಏಡಿಗಳು ಆ ಹರಿವಿಗೆ ಸಿಕ್ಕಿ ಮೇಲ್ಮೈಯಲ್ಲಿ ತೇಲುತ್ತ ಪಾಸ್ ದಾಟುತ್ತವೆ, ಟಾರ್ಪನ್ ಮೇಲೆ ಬಂದು ಬಾಯಿ ತೆರೆದು ನುಂಗುತ್ತದೆ. ಪಾಸ್‌ಗೆ ಒಂದೇ ದಿನ ಕೊಡಲು ಸಾಧ್ಯವಿದ್ದರೆ ಇಂಥ ದಿನವನ್ನೇ ಹುಡುಕಿ ಕಾಯ್ದಿರಿಸಿ.

ಬೀಚ್‌ನ ಬೇಟೆ ಇದಕ್ಕೆ ತದ್ವಿರುದ್ಧ. ಬೆಳಕು ಹರಿಯುವ ಮೊದಲೇ ದಡದಿಂದ ಸ್ವಲ್ಪ ದೂರದಲ್ಲಿ, 10ರಿಂದ 20 ಅಡಿ ನೀರಿನಲ್ಲಿ ದೋಣಿ ನಿಲ್ಲಿಸಿ ಕಾಯಬೇಕು. ಟಾರ್ಪನ್ ಮೇಲೆ ಬಂದು ಗಾಳಿ ನುಂಗುತ್ತದೆ. ಅದರ ಈಜುಚೀಲ ಶ್ವಾಸಕೋಶದಂತೆಯೂ ಕೆಲಸ ಮಾಡುತ್ತದೆ. ನೀರು ಕನ್ನಡಿಯಂತೆ ನಿಂತಿರುವ ಬೆಳಗಿನಲ್ಲಿ ಆ ಉರುಳಾಟ ದೂರದಿಂದಲೇ ಕಾಣುತ್ತದೆ. ಗುಂಪು ಯಾವ ಕಡೆ ಸಾಗುತ್ತಿದೆ ಎಂದು ಮೊದಲು ನೋಡಿ. ಸುತ್ತು ಬಳಸಿ ನೂರು ಗಜಕ್ಕಿಂತ ಮುಂದೆ ಹೋಗಿ ದೊಡ್ಡ ಇಂಜಿನ್ ಆರಿಸಿ, ಬ್ಯಾಟರಿಯ ಟ್ರೋಲಿಂಗ್ ಮೋಟಾರಿನಲ್ಲಿ ಜಾಗ ಸರಿಮಾಡಿಕೊಳ್ಳಿ. ಎರೆಯನ್ನು ಮುಂದಿನ ಮೀನಿನ ಹತ್ತು ಅಡಿ ಮುಂದೆ, ಅದರ ದಾರಿಯ ಆಚೆ ಎಸೆದು ದಾರಿಗೆ ತಂದು ನಿಲ್ಲಿಸಿ. ಮೀನಿನ ತಲೆಯ ಮೇಲೆ ಬಿದ್ದ ಎರೆ ಇಡೀ ಗುಂಪನ್ನು ಆಳಕ್ಕೆ ಕಳಿಸುತ್ತದೆ. ಇಂಜಿನ್ ಹಾಕಿಕೊಂಡು ಗುಂಪಿನ ಮೇಲೆ ಹಾಯ್ದ ಒಂದು ದೋಣಿ ಅಲ್ಲಿದ್ದ ಎಲ್ಲರ ಬೆಳಗನ್ನೂ ಹಾಳುಮಾಡುತ್ತದೆ. ದಯವಿಟ್ಟು ಆ ದೋಣಿ ನಿಮ್ಮದಾಗದಿರಲಿ. ಪೂರ್ವದ ಗಾಳಿಯಿದ್ದರೆ ಬೀಚ್ ಪಕ್ಕದ ನೀರು ಸಮತಟ್ಟಾಗಿರುತ್ತದೆ. ಮಧ್ಯಾಹ್ನ ಕಡಲ ಕಡೆಯ ಗಾಳಿ ಶುರುವಾಗುತ್ತಿದ್ದಂತೆ ಅಲೆಯೆದ್ದು ಮೀನು ಕಾಣುವುದು ನಿಂತುಹೋಗುತ್ತದೆ.

ಮೂರನೆಯದು ರಾತ್ರಿಯ ಸೇತುವೆ. ಟ್ಯಾಂಪಾ ಕೊಲ್ಲಿಯ ಸ್ಕೈವೇ, ಸ್ಯಾನಿಬೆಲ್ ಕಾಸ್‌ವೇ, ಇನ್ನೂ ದಕ್ಷಿಣಕ್ಕೆ ಫ್ಲೋರಿಡಾ ಕೀಸ್‌ನ ಬಾಹಿಯಾ ಹೊಂಡಾ, ಸೆವೆನ್ ಮೈಲ್ ಸೇತುವೆಗಳು. ದೀಪದ ಬೆಳಕು ಮತ್ತು ನೆರಳು ಕೂಡುವ ಗೆರೆಯ ಕತ್ತಲ ಬದಿಯಲ್ಲಿ, ಹರಿವಿಗೆ ಎದುರಾಗಿ ಮೀನು ನಿಂತಿರುತ್ತದೆ. ಹಗಲ ಬಿಸಿಲು ತಡೆಯದವರಿಗೆ ಇದು ಸರಿಯಾದ ಆಯ್ಕೆ. ಆದರೆ ಲಂಗರು ಹಗ್ಗದ ತುದಿಗೆ ತೇಲುಬುರುಡೆ ಕಟ್ಟಿರಲೇಬೇಕು. ಮೀನು ಕಚ್ಚಿದ ತಕ್ಷಣ ಬುರುಡೆ ಸಮೇತ ಹಗ್ಗ ಬಿಸಾಡಿ ಮೀನಿನ ಹಿಂದೆ ಹೋಗಬೇಕು. ಲಂಗರು ಎಳೆಯುತ್ತ ಕೂತರೆ ಅಷ್ಟರಲ್ಲಿ ಟಾರ್ಪನ್ ಕಂಬ ಸುತ್ತಿ ನೂಲು ಕತ್ತರಿಸಿರುತ್ತದೆ.

ಫ್ಲೈ, ಅಂದರೆ ಗರಿ-ನೂಲು ಸುತ್ತಿ ಮಾಡಿದ ಹಗುರ ಕೃತಕ ಎರೆ, ಬಳಸಿ ಹಿಡಿಯುವವರಿಗೆ ಷಾರ್ಲಟ್ ಹಾರ್ಬರ್‌ಗಿಂತ ಕೀಸ್ ಮೇಲು. ಬಿಳಿ ಮರಳಿನ ತೆಳುನೀರಿನಲ್ಲಿ ಸಾಲಾಗಿ ಬರುವ ಮೀನು ಕಣ್ಣಿಗೆ ಕಾಣುತ್ತದೆ. 11 ಅಥವಾ 12 ತೂಕದ (ಫ್ಲೈ ಕೋಲಿನ ಬಲ ಹೇಳುವ ಅಂಕಿ) ಕೋಲು, ಗಾಳಿಗೆ ಎದುರಾಗಿ 60 ಅಡಿ ಒಂದೇ ಬೀಸಿನಲ್ಲಿ ಎಸೆಯುವ ಕೈ ಬೇಕು. ಮೀನು ಬಾಯಿ ಮುಚ್ಚಿದಾಗ ಕೋಲನ್ನು ಮೇಲೆತ್ತದೆ ಎಡಗೈಯಲ್ಲಿ ನೂಲನ್ನು ಬಲವಾಗಿ ಎಳೆದು ಗಾಳ ಕೂರಿಸಬೇಕು. ಆ ಎಸೆತ ಇನ್ನೂ ಬಂದಿಲ್ಲದಿದ್ದರೆ ಫ್ಲೈ ಹಿಡಿದು ಟಾರ್ಪನ್‌ಗೆ ದುಡ್ಡು ಸುರಿಯಬೇಡಿ. ಒಳಕಾಲುವೆಗಳ 5ರಿಂದ 30 ಪೌಂಡಿನ ಮರಿ ಟಾರ್ಪನ್‌ಗೆ 8 ತೂಕದ ಕೋಲಿನಿಂದ ಶುರುಮಾಡಿ. ಅವೂ ಗಾಳಿಯಲ್ಲಿ ಅಷ್ಟೇ ಚೆನ್ನಾಗಿ ಹಾರುತ್ತವೆ.

ಮೂರು ಬೆಳಗು ಟಾರ್ಪನ್‌ಗೆ ಮೀಸಲಿಡಲು ಆಗದವರು ಬೀಚ್ ಬೇಟೆಗೆ ಹೋಗುವುದು ಬೇಡ. ಒಂದು ದಿನ ಗಾಳಿ ಕೆಡಿಸುತ್ತದೆ, ಒಂದು ದಿನ ಮೀನು ಕಂಡರೂ ಕಚ್ಚುವುದಿಲ್ಲ.

ಟಾರ್ಪನ್ ಸಾಮಾನು, ಮತ್ತು ತಪ್ಪುವುದೆಲ್ಲಿ

ಬೀಚ್‌ಗೆ 7ರಿಂದ 8 ಅಡಿಯ ಗಟ್ಟಿ ಕೋಲು, 6000ದಿಂದ 8000 ಗಾತ್ರದ ಸ್ಪಿನ್ನಿಂಗ್ ರೀಲು, 50ರಿಂದ 65 ಪೌಂಡಿನ ಬ್ರೇಡ್ (ಹೆಣೆದ) ನೂಲು, ತುದಿಗೆ ಐದಾರು ಅಡಿ 60ರಿಂದ 80 ಪೌಂಡಿನ ಫ್ಲೋರೋಕಾರ್ಬನ್ ಲೀಡರ್, 6/0ರಿಂದ 8/0 ಗಾತ್ರದ ಸರ್ಕಲ್ ಗಾಳ (ಮೊನೆ ಒಳಕ್ಕೆ ಬಾಗಿದ ಗಾಳ). ಲೀಡರ್ ಇಷ್ಟು ದಪ್ಪ ಬೇಕಿರುವುದು ಎಳೆತ ತಡೆಯಲು ಅಲ್ಲ. ಟಾರ್ಪನ್ ಬಾಯಲ್ಲಿ ಕತ್ತರಿಸುವ ಹಲ್ಲಿಲ್ಲ, ಆದರೆ ತುಟಿಯ ಒರಟು ಅಂಚು ಅರ್ಧ ಗಂಟೆಯ ಹೋರಾಟದಲ್ಲಿ 40 ಪೌಂಡಿನ ಲೀಡರ್ ಅನ್ನು ತೇದು ಮುಗಿಸುತ್ತದೆ. ಪ್ರತಿ ಮೀನಿನ ನಂತರ ಕೊನೆಯ ಒಂದಡಿಯನ್ನು ಬೆರಳಲ್ಲಿ ಸವರಿ ನೋಡಿ, ಒರಟು ಸಿಕ್ಕರೆ ಕತ್ತರಿಸಿ ಹೊಸದಾಗಿ ಕಟ್ಟಿ. ರೀಲಿನ ಡ್ರ್ಯಾಗ್ (ನೂಲು ಬಿಚ್ಚುವಾಗಿನ ಬಿಗಿತ) ಅನ್ನು ತಕ್ಕಡಿ ಹಚ್ಚಿ 12ರಿಂದ 15 ಪೌಂಡಿಗೆ ಮೊದಲೇ ಬಿಗಿ ಮಾಡಿಡಿ. ಮೀನು ಓಡುವಾಗ ಬಿಗಿ ಮಾಡಲು ಹೋದವರೇ ನೂಲು ಹರಿದುಕೊಳ್ಳುವುದು.

ಬ್ರೇಡ್‌ಗೂ ಲೀಡರ್‌ಗೂ ಎಫ್‌ಜಿ ಗಂಟು ಹಾಕಿ. ಬ್ರೇಡನ್ನು ಬಿಗಿಯಾಗಿ ಎಳೆದು ಹಿಡಿದಿಡುವುದು ಇದರ ಜೀವಾಳ. ಒಂದು ತುದಿ ಹಲ್ಲಲ್ಲೋ ಕೊಕ್ಕೆಯಲ್ಲೋ ಇರಲಿ. ಲೀಡರನ್ನು ಬ್ರೇಡಿನ ಮೇಲೊಮ್ಮೆ ಕೆಳಗೊಮ್ಮೆ ಹಾಯಿಸುತ್ತ ಹೋಗಿ, ಒಟ್ಟು 20 ಸುತ್ತು. ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಎರಡನ್ನೂ ಸೇರಿಸಿ ಒಂದು ಅರೆಗಂಟು ಹಾಕಿ, ಉಗುಳಿನಿಂದ ಒದ್ದೆ ಮಾಡಿ, ಕೈಗೆ ಬಟ್ಟೆ ಸುತ್ತಿಕೊಂಡು ಶಕ್ತಿ ಮೀರಿ ಎಳೆಯಿರಿ. ಬ್ರೇಡಿನ ಬಣ್ಣ ಗಾಢವಾದರೆ ಅದು ಲೀಡರಿನೊಳಗೆ ಕಚ್ಚಿಕೊಂಡಿದೆ ಎಂದು ಅರ್ಥ. ಬಣ್ಣ ಬದಲಾಗದ ಗಂಟು ಮೊದಲ ನೆಗೆತಕ್ಕೇ ಜಾರುತ್ತದೆ. ಆಮೇಲೆ ಲೀಡರಿನ ತುದಿ ಕತ್ತರಿಸಿ ಬ್ರೇಡಿನ ಮೇಲೆ ಇನ್ನೂ ನಾಲ್ಕೈದು ಅರೆಗಂಟು ಹಾಕಿ ಮುಗಿಸಿ. ದೋಣಿ ಅಲ್ಲಾಡುವಾಗ ಈ ಗಂಟು ಸರಿಯಾಗಿ ಬರುವುದಿಲ್ಲ. ಹಿಂದಿನ ರಾತ್ರಿಯೇ ಕಟ್ಟಿ ಇಟ್ಟುಕೊಳ್ಳಿ.

ಏಡಿಗೆ ಗಾಳ ಹಾಕುವಾಗ ಮೊದಲು ಕೊಂಡಿಗಳ ತುದಿ ಮುರಿಯಿರಿ. ಇಲ್ಲದಿದ್ದರೆ ಅದು ನೆಲದ ಹುಲ್ಲು ಹಿಡಿದು ಕೂರುತ್ತದೆ. ಚಿಪ್ಪಿನ ಎರಡೂ ಬದಿ ಚೂಪಾದ ಮೂಲೆಗಳಿವೆ. ಒಂದು ಮೂಲೆಯಲ್ಲಿ ಕೆಳಗಿನಿಂದ ಮೇಲಕ್ಕೆ ಗಾಳದ ಮೊನೆ ತೂರಿಸಿ, ಮೊನೆ ಪೂರ್ತಿ ಹೊರಗೆ ಕಾಣಲಿ. ನಡುವೆ ಚುಚ್ಚಿದರೆ ಏಡಿ ಸಾಯುತ್ತದೆ. ಮೊನೆ ಚಿಪ್ಪಿನೊಳಗೇ ಉಳಿದರೆ ಮೀನು ನುಂಗಿ ಉಗುಳಿದರೂ ಗಾಳ ಎಲ್ಲೂ ಹಿಡಿಯುವುದಿಲ್ಲ. ಅಂಗೈಗಿಂತ ದೊಡ್ಡ ಏಡಿ ಬೇಡ.

ಸರ್ಕಲ್ ಗಾಳದಲ್ಲಿ ಕೋಲು ಜೋರಾಗಿ ಎತ್ತಿ ಹೊಡೆಯಬಾರದು. ನಮ್ಮೂರ ಹೊಳೆಗಳಲ್ಲಿ ಗಾಳ ಹಾಕಿ ಕಲಿತವರು ಹೆಚ್ಚಾಗಿ ಎಡವುವುದು ಇಲ್ಲೇ. ಎರೆ ಎಳೆದಾಗ ಕೋಲನ್ನು ಮೀನಿನತ್ತ ತೋರಿಸಿ, ನೂಲು ಬಿಗಿಯಾಗುವವರೆಗೆ ರೀಲು ಸುತ್ತುತ್ತಲೇ ಇರಿ. ಗಾಳ ತಾನಾಗಿಯೇ ಬಾಯಿಯ ಮೂಲೆಗೆ ತಿರುಗಿ ಕೂರುತ್ತದೆ. ಮೀನು ಹಾರಿದಾಗ ಕೋಲನ್ನು ಅದರ ಕಡೆ ಮುಂದಕ್ಕೆ ಚಾಚಿ ಬಾಗಬೇಕು. ನೂರು ಪೌಂಡಿನ ಮೈ ಬಿಗಿದ ನೂಲಿನ ಮೇಲೆ ಬಿದ್ದರೆ ಹರಿಯುವುದು ನೂಲೇ. ನೀರಿಗೆ ಬಿದ್ದ ಕ್ಷಣ ಮತ್ತೆ ಬಿಗಿ ಮಾಡಿ. ಕೋಲನ್ನು ಆಕಾಶಕ್ಕೆ ಎತ್ತಿ ಹಿಡಿದರೆ ಮೀನು ದಣಿಯುವುದಿಲ್ಲ, ಮನುಷ್ಯ ದಣಿಯುತ್ತಾನೆ. ಕೋಲನ್ನು ನೀರಿನ ಮಟ್ಟಕ್ಕೆ ತಗ್ಗಿಸಿ, ಮೀನು ಹೋಗುವ ದಿಕ್ಕಿಗೆ ವಿರುದ್ಧವಾಗಿ ಪಕ್ಕಕ್ಕೆ ಎಳೆಯಿರಿ. ಅದು ಗಾಳಿ ನುಂಗಲು ಮೇಲೆ ಬಂದಾಗಲೆಲ್ಲ ಬಿಡದೆ ಎಳೆದರೆ 20-30 ನಿಮಿಷದಲ್ಲಿ ದೋಣಿಯ ಪಕ್ಕ ಬರುತ್ತದೆ.

ಈ ಸಮಯದ ಲೆಕ್ಕ ಮೀನಿನ ಜೀವದ ಪ್ರಶ್ನೆ. ಟಾರ್ಪನ್ ದೊಡ್ಡದಾಗಿ ಮೊಟ್ಟೆ ಇಡಲು ಹತ್ತು ವರ್ಷದಷ್ಟು ಹಿಡಿಯುತ್ತದೆ, ಹೆಣ್ಣು 50 ವರ್ಷ ದಾಟಿ ಬದುಕಬಲ್ಲದು. ಒಂದು ಗಂಟೆ ಎಳೆದಾಡಿ ಬಿಟ್ಟ ಮೀನು ಶಾರ್ಕ್‌ನಿಂದ ತಪ್ಪಿಸಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಹೋರಾಟದ ನಡುವೆ ಶಾರ್ಕ್ ಕಂಡರೆ ಮರುಮಾತಿಲ್ಲದೆ ರೀಲಿನ ಬೇಲ್ (ನೂಲು ಹಿಡಿದಿಡುವ ತಂತಿ) ತೆರೆದು ನೂಲು ಸಡಿಲ ಬಿಡಿ, ಇಲ್ಲವೇ ನೂಲನ್ನು ಕತ್ತರಿಸಿ. ಮೀನಿಗೆ ಓಡಲು ಅವಕಾಶ ಸಿಗುತ್ತದೆ. ಫೋಟೊ ಇಲ್ಲದಿದ್ದರೂ ಪರವಾಗಿಲ್ಲ. ದೋಣಿಯ ಪಕ್ಕ ಬಂದ ಮೀನಿನ ಕೆಳದವಡೆ ಹಿಡಿದು, ದೋಣಿಯನ್ನು ನಿಧಾನವಾಗಿ ಮುಂದೆ ಓಡಿಸುತ್ತ ಕಿವಿರಿನಲ್ಲಿ ನೀರು ಹರಿಯಲು ಬಿಡಿ. ಬಾಲ ಬಲವಾಗಿ ಬಡಿಯತೊಡಗಿದಾಗ ಕೈ ತೆಗೆಯಿರಿ. ತೂಕ ತಿಳಿಯಬೇಕಿದ್ದರೆ ನೀರಿನಲ್ಲೇ ಅಳೆಯಬಹುದು: ಉದ್ದವನ್ನು ಸುತ್ತಳತೆಯ ವರ್ಗದಿಂದ ಗುಣಿಸಿ 800ರಿಂದ ಭಾಗಿಸಿ. 70 ಇಂಚು ಉದ್ದ, 36 ಇಂಚು ಸುತ್ತಳತೆ ಇದ್ದರೆ ಸುಮಾರು 113 ಪೌಂಡ್.

ಸ್ನೂಕ್: ಕಾಂಡ್ಲಾ ಅಂಚು ಅಥವಾ ಬೇಸಿಗೆಯ ದಡ

ವಾರದ ರಜೆಗೆ ಬಂದವರಿಗೆ ಟಾರ್ಪನ್‌ಗಿಂತ ಸ್ನೂಕ್ ಒಳ್ಳೆಯದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಮೀನು ಹೊಂಚು ಹಾಕುವ ರೀತಿ, ಬೇರಿನ ಕಡೆ ನುಗ್ಗುವ ಜೋರು ನಮ್ಮ ಕಡೆಯ ಸೀ ಬಾಸನ್ನೇ ಹೋಲುತ್ತದೆ. ಉಬ್ಬರ ಪೂರ್ತಿ ಏರಿದಾಗ ಕಾಂಡ್ಲಾ ಬೇರುಗಳ ಒಳಗೆ ಸೇರಿಕೊಂಡಿರುತ್ತದೆ. ಇಳಿತ ಶುರುವಾಗಿ ಒಂದು ಗಂಟೆಯ ನಂತರ ತೊರೆಯ ಬಾಯಿ ಮತ್ತು ಮೂಲೆಗಳಿಗೆ ಬಂದು, ನೀರು ಹೊತ್ತು ತರುವ ಸಿಗಡಿ, ಮರಿಮೀನಿಗೆ ಕಾಯುತ್ತದೆ. ಆ ಹೊತ್ತನ್ನು ಆರಿಸಿಕೊಳ್ಳಿ. 3000 ಅಥವಾ 4000ದ ರೀಲು, 15ರಿಂದ 20 ಪೌಂಡಿನ ಬ್ರೇಡ್, 30 ಪೌಂಡಿನ ಲೀಡರ್. ಅದರ ಕಿವಿರು ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಅದಕ್ಕಿಂತ ತೆಳುವಾದ ಲೀಡರ್ ನಿಲ್ಲುವುದಿಲ್ಲ. ಕೈ ಬೆರಳನ್ನೂ ಅಲ್ಲಿಗೆ ಕೊಡಬೇಡಿ.

ಬೇಸಿಗೆಯಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಮೊಟ್ಟೆ ಇಡುವ ಸ್ನೂಕ್ ಬೀಚ್‌ಗೆ ಬರುತ್ತದೆ. ದೋಣಿಯೇ ಬೇಡದ ಆಯ್ಕೆ ಇದು. ಅಲೆ ಒಡೆಯುವ ಜಾಗದ ಒಳಗೆ, ಮರಳಿಗೆ ಐದಾರು ಅಡಿ ದೂರದ ತಗ್ಗಿನಲ್ಲೇ ಅದು ದಡಕ್ಕೆ ಸಮಾನಾಂತರವಾಗಿ ಸಾಗುತ್ತಿರುತ್ತದೆ. ಬಂದವರು ಮೊಣಕಾಲಿನವರೆಗೆ ನೀರಿಗಿಳಿದು ದೂರಕ್ಕೆ ಎಸೆಯುತ್ತಾರೆ, ಮೀನು ಅವರ ಹಿಂದೆ ಹಾದುಹೋಗುತ್ತದೆ. ಒಣ ಮರಳಿನ ಮೇಲೇ ನಡೆಯಿರಿ, ಸೂರ್ಯ ಬೆನ್ನಿಗಿರಲಿ, ಪೋಲರೈಸ್ಡ್ ಕನ್ನಡಕ ಹಾಕಿ, ಕಾಲು ಔನ್ಸಿನ ಬಿಳಿ ಜಿಗ್ ಅನ್ನು ದಡದುದ್ದಕ್ಕೂ ಎಳೆಯಿರಿ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಬೆಳಕು ಸರಿಯಾಗಿರುತ್ತದೆ.

ಈ ಕರಾವಳಿಯಲ್ಲಿ ಮೇನಿಂದ ಆಗಸ್ಟ್, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸ್ನೂಕ್ ಇಟ್ಟುಕೊಳ್ಳುವಂತಿಲ್ಲ, ಹಿಡಿದು ಬಿಡಬೇಕು. ಇಟ್ಟುಕೊಳ್ಳಲು ಅವಕಾಶವಿರುವ ತಿಂಗಳುಗಳಲ್ಲಿ 28ರಿಂದ 33 ಇಂಚಿನೊಳಗಿನ ಒಂದೇ ಒಂದು. ಈ ಕಟ್ಟುನಿಟ್ಟಿಗೆ ಕಾರಣಗಳಿವೆ. ಸ್ನೂಕ್ ಗಂಡಾಗಿ ಹುಟ್ಟಿ ಬೆಳೆದ ಮೇಲೆ ಹೆಣ್ಣಾಗುತ್ತದೆ, ಹಾಗಾಗಿ ದೊಡ್ಡ ಮೀನು ಹೆಚ್ಚಾಗಿ ಮೊಟ್ಟೆ ಇಡುವ ತಾಯಂದಿರು. ಜೊತೆಗೆ ಚಳಿ ತಡೆಯುವುದಿಲ್ಲ. 2010ರ ಜನವರಿಯ ಚಳಿಗೆ ಅಪಾರ ಸಂಖ್ಯೆಯಲ್ಲಿ ಸತ್ತು ತೇಲಿದ್ದವು.

ರೆಡ್‌ಫಿಶ್, ಟ್ರೌಟ್, ಶೀಪ್ಸ್‌ಹೆಡ್

ಮಕ್ಕಳು, ಊರಿನಿಂದ ಬಂದ ಅಪ್ಪ-ಅಮ್ಮ ಜೊತೆಗಿದ್ದರೆ ರೆಡ್‌ಫಿಶ್‌ಗಿಂತ ಅನುಕೂಲದ ಮೀನಿಲ್ಲ. ಉಬ್ಬರ ಏರಿದಾಗ ಕಾಂಡ್ಲಾದಿಂದ 40 ಅಡಿ ದೂರ ದೋಣಿ ಕಟ್ಟಿ, ಮಲ್ಲೆಟ್ ಅಥವಾ ಲೇಡಿಫಿಶ್‌ನ ಎರಡು ಇಂಚು ತುಂಡನ್ನು 3/0 ಸರ್ಕಲ್ ಗಾಳಕ್ಕೆ ಹಾಕಿ ಕೊಂಬೆಗಳ ಅಂಚಿಗೆ ಎಸೆದು ಕೋಲನ್ನು ಹೋಲ್ಡರಿನಲ್ಲಿ ನಿಲ್ಲಿಸಿ. ವಾಸನೆ ಹಿಡಿದು ಮೀನೇ ಬರುತ್ತದೆ, ಗಾಳ ತಾನೇ ಕೂರುತ್ತದೆ. ಇಪ್ಪತ್ತು ನಿಮಿಷ ಏನೂ ಆಗದಿದ್ದರೆ ಜಾಗ ಬದಲಿಸಿ. ಚುರುಕಿನ ಬೇಟೆ ಬೇಕಾದವರು ನೀರು ತೀರ ಇಳಿದಾಗ ಹುಲ್ಲಿನ ಮೇಲೆ ಬಾಲ ಎತ್ತಿ ಮೇಯುವ ಮೀನಿಗೆ ಅರ್ಧ ಔನ್ಸಿನ ಚಿನ್ನದ ಬಣ್ಣದ ಚಮಚದಾಕಾರದ ಲೂರ್ (ಕೃತಕ ಎರೆ) ಎಸೆಯಬಹುದು. ಇಟ್ಟುಕೊಳ್ಳುವ ಅಳತೆ 18ರಿಂದ 27 ಇಂಚು. ಪೂರ್ವ ಕರಾವಳಿಯ ಇಂಡಿಯನ್ ರಿವರ್ ಲಗೂನ್‌ನಲ್ಲಿ ಮಾತ್ರ 2022ರಿಂದ ರೆಡ್‌ಫಿಶ್ ಇಟ್ಟುಕೊಳ್ಳುವುದೇ ನಿಷಿದ್ಧ. ಒರ್ಲಾಂಡೊ ಕಡೆಯವರಿಗೆ ಆ ನೀರೇ ಹತ್ತಿರವಾದ್ದರಿಂದ ಇದನ್ನು ನೆನಪಿಡಬೇಕು.

ಟ್ರೌಟ್‌ಗೆ ಪಾಪಿಂಗ್ ಕಾರ್ಕ್ (ಎಳೆದಾಗ ಸದ್ದು ಮಾಡುವ ತೇಲುಬುರುಡೆ) ಕೆಳಗೆ ಮೂರಡಿ ಲೀಡರ್, ತುದಿಗೆ ಸಿಗಡಿ. ಅದರ ಬಾಯಿ ಮೆತ್ತಗೆ, ಜಗ್ಗಿದರೆ ಗಾಳ ಹರಿದುಕೊಂಡು ಬರುತ್ತದೆ. 15ರಿಂದ 19 ಇಂಚು ಇಟ್ಟುಕೊಳ್ಳಬಹುದು.

ಶೀಪ್ಸ್‌ಹೆಡ್ ಜನವರಿಯಿಂದ ಮಾರ್ಚ್‌ವರೆಗೆ ಜೆಟ್ಟಿ ಕಂಬಗಳ ಸುತ್ತ. ಕಂಬದ ಚಿಪ್ಪುಗಳನ್ನು ಅಗಿದು ತಿನ್ನುವ ಗಟ್ಟಿ ಹಲ್ಲಿದೆ, ಆದ್ದರಿಂದ 1/0 ಗಾತ್ರದ ಚಿಕ್ಕ ಗಟ್ಟಿ ಗಾಳ ಮತ್ತು ಫಿಡ್ಲರ್ ಏಡಿ. ಎಳೆತ ಗೊತ್ತಾಗುವುದಿಲ್ಲ, ನೂಲಿಗೆ ಸ್ವಲ್ಪ ಭಾರ ಬಂದಂತೆ ಅನಿಸಿದಾಗಲೇ ಎತ್ತಬೇಕು. ಸಾರಿಗೆ, ಹುರಿಯಲು ಈ ಎಲ್ಲದರಲ್ಲಿ ಇದೇ ಉತ್ತಮ. ಕನಿಷ್ಠ 12 ಇಂಚು ಇರಬೇಕು.

ಜೀವಂತ ಎರೆಯೋ, ಲೂರೋ

ಬೇಸಿಗೆಯಲ್ಲಿ ಜೀವಂತ ಎರೆ, ಚಳಿಯಲ್ಲಿ ಸಿಗಡಿ, ನಡುವಿನ ತಿಂಗಳುಗಳಲ್ಲಿ ಲೂರ್ ಎನ್ನುವುದು ಒರಟು ಲೆಕ್ಕ. ಬೆಳಿಗ್ಗೆ ಹುಲ್ಲುನೆಲದ ಮೇಲೆ ಬೀಸುಬಲೆ ಹಾಕಿ ಪಿಲ್ಚರ್ಡ್ (ಬೂತಾಯಿಯಂಥ ಸಣ್ಣ ಮೀನು) ಹಿಡಿಯುವವರಿದ್ದರೆ ಸ್ನೂಕ್‌ಗೆ ಅದನ್ನು ಮೀರಿಸುವುದು ಇಲ್ಲ. ಬಲೆಯ ಕಣ್ಣಿನ ಅಳತೆ ಮೀನಿಗೆ ಹೊಂದಬೇಕು. ಮರಿಗಳು ಸಣ್ಣದಿರುವಾಗ ಕಾಲಿಂಚು, ದೊಡ್ಡದಾದಾಗ ಎಂಟನೇ ಮೂರು ಇಂಚು. ತಪ್ಪಿದರೆ ನೂರಾರು ಮರಿ ಕಣ್ಣಿಗೆ ಸಿಕ್ಕಿಕೊಂಡು, ಬಿಡಿಸುವಷ್ಟರಲ್ಲಿ ಮೀನು ಹಿಡಿಯುವ ಹೊತ್ತು ಮುಗಿದಿರುತ್ತದೆ. ಜೀವಂತ ಅಥವಾ ಸತ್ತ ಎರೆಯೊಂದಿಗೆ ಮೂರು ಮೊನೆಯ ಗಾಳವನ್ನು ಈ ಯಾವ ಮುಖ್ಯ ಮೀನಿಗೂ ಬಳಸುವಂತಿಲ್ಲ.

ಕಾಲಲ್ಲಿ ನಡೆದು ಹಿಡಿಯುವವರು, ಕಯಾಕ್‌ನವರು ಲೂರ್‌ಗೆ ಅಂಟಿಕೊಳ್ಳುವುದು ಸುಲಭ: ಎಂಟನೇ ಒಂದು ಔನ್ಸಿನ ಜಿಗ್ ತಲೆ, ಮೂರು ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಮೀನು. ತಿಳಿನೀರಿಗೆ ಬಿಳಿ, ಕೆಂಚು ನೀರಿಗೆ ಗಾಢ ಬಣ್ಣ. ನೀರಿಗಿಳಿದಾಗ ಕಾಲೆತ್ತಿ ಇಡಬೇಡಿ, ಮರಳಿನಲ್ಲಿ ಎಳೆದುಕೊಂಡೇ ನಡೆಯಿರಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತೊರಕೆ ಮೀನು ಮರಳಿನಡಿ ಮಲಗಿರುತ್ತದೆ. ಕಾಲು ಹತ್ತಿರ ಬಂದರೆ ಸರಿದುಹೋಗುತ್ತದೆ, ಮೇಲೆ ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟುಕೊಂಡು ಆಸ್ಪತ್ರೆಗೆ ಹೋಗಿ.

ಬೇಸಿಗೆಯ ಮಧ್ಯಾಹ್ನ ಗುಡುಗು ಕೇಳಿಸಿದ ತಕ್ಷಣ ದಡಕ್ಕೆ ಬನ್ನಿ. ಗ್ರಾಫೈಟ್ ಕೋಲು ವಿದ್ಯುತ್ ಹರಿಸುತ್ತದೆ, ತೆರೆದ ನೀರಿನಲ್ಲಿ ಎತ್ತರದ ವಸ್ತು ಅದೊಂದೇ.

ಲೈಸೆನ್ಸು, ದೋಣಿ

ಊರಿನಿಂದ ಬಂದ ಹಿರಿಯರಿಗೆ ಲೈಸೆನ್ಸು ಬೇಕಿಲ್ಲ ಎಂದುಕೊಳ್ಳುವವರು ಬಹಳ. 65 ದಾಟಿದವರಿಗೆ ವಿನಾಯಿತಿ ಇರುವುದು ಫ್ಲೋರಿಡಾದ ನಿವಾಸಿಗಳಿಗೆ ಮಾತ್ರ. ದಡದಿಂದ ಹಿಡಿಯಲು ಸಿಗುವ ಉಚಿತ ಪರವಾನಗಿಯೂ ನಿವಾಸಿಗಳಿಗೇ. ಹೊರಗಿನವರಿಗೆ ಮೂರು ದಿನಕ್ಕೆ 17, ಏಳು ದಿನಕ್ಕೆ 30, ವರ್ಷಕ್ಕೆ 47 ಡಾಲರ್, ಸ್ನೂಕ್ ಇಟ್ಟುಕೊಳ್ಳಬೇಕಾದರೆ ಮೇಲೆ 10 ಡಾಲರಿನ ಪರ್ಮಿಟ್. 16 ವರ್ಷದೊಳಗಿನ ಮಕ್ಕಳಿಗೆ ಬೇಡ. ಲೈಸೆನ್ಸ್ ಪಡೆದ ಚಾರ್ಟರ್ ದೋಣಿಯಲ್ಲಿ (ನಾಯಕನ ಸಮೇತ ಬಾಡಿಗೆಗೆ ಸಿಗುವ ದೋಣಿ) ಹೋದರೆ ಅದೇ ಎಲ್ಲರಿಗೂ ಅನ್ವಯಿಸುತ್ತದೆ, ಸ್ಕೈವೇ ಪಿಯರ್‌ನಲ್ಲೂ ಬೇರೆ ಲೈಸೆನ್ಸು ಬೇಕಿಲ್ಲ. ಅಳತೆ ಮತ್ತು ತಿಂಗಳಿನ ನಿಯಮಗಳು ಪ್ರದೇಶವಾರು ಬದಲಾಗುತ್ತಿರುತ್ತವೆ. ಕೆಂಪು ಪಾಚಿ ಬಂದು ಮೀನು ಸತ್ತ ವರ್ಷಗಳಲ್ಲಿ, 2018ರಲ್ಲಿ ಆದಂತೆ, ಫ್ಲೋರಿಡಾ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಆಯೋಗ ಮೀನು ಇಟ್ಟುಕೊಳ್ಳುವುದನ್ನು ತುರ್ತಾಗಿ ನಿಲ್ಲಿಸಿಬಿಡುತ್ತದೆ. ಹೊರಡುವ ಹಿಂದಿನ ದಿನ ಆಯೋಗದ ಜಾಲತಾಣ ನೋಡಿ.

ಚಾರ್ಟರ್ ಕಾಯ್ದಿರಿಸುವಾಗ ನಾಯಕನಿಗೆ ಕೇಳಬೇಕಾದ್ದು ಬೆಲೆಗಿಂತ ಮೊದಲು ಇವು: ಆ ತಾರೀಖಿಗೆ ನೀರು ಯಾವ ಕಡೆ ಹರಿಯುತ್ತಿರುತ್ತದೆ, ಟಾರ್ಪನ್ ಕಾಣದಿದ್ದರೆ ಎಷ್ಟು ಗಂಟೆಗೆ ಬೇರೆ ಮೀನಿಗೆ ತಿರುಗುತ್ತೀರಿ, ಎರೆ ಬೆಲೆಯಲ್ಲಿ ಸೇರಿದೆಯೇ, ಗಾಳಿಯಿಂದ ರದ್ದಾದರೆ ಮುಂಗಡ ವಾಪಸ್ ಇದೆಯೇ. ಟಾರ್ಪನ್‌ಗೆ ದೋಣಿಯಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು ಸಾಕು. ನಾಲ್ವರಾದರೆ ಇಬ್ಬರು ಸುಮ್ಮನೆ ಕೂತಿರುತ್ತಾರೆ. ದಿನದ ಕೊನೆಗೆ ಶೇಕಡ 15ರಿಂದ 20 ಟಿಪ್ಸ್ ಕೊಡುವುದು ಅಲ್ಲಿಯ ವಾಡಿಕೆ, ಅದನ್ನೂ ಬಜೆಟ್ಟಿಗೆ ಮೊದಲೇ ಸೇರಿಸಿಕೊಳ್ಳಿ.